ಕನ್ನಡಿಯೊಳಗಿನ ಕೈ

ಹೊಸನಗರ, ತೀರ್ಥಹಳ್ಳಿ ಕಡೆ ಯಾರಾದರೂ ‘ಕಡಿದು ಹೋದ ಕೈ ಇನ್ನೂ ಉರೀತದೆ ಮಾರಾಯ್ರೆ’ ಎಂದರೆ, ಕೇಳಿದವರು ಚೌಡಿಗೆ ಹರಕೆ ಹೊತ್ತರೂ ಆಶ್ಚರ್ಯವಿಲ್ಲ. ನಗುವ ಹಾಗಿಲ್ಲ, ವೈದ್ಯರ ಕೈಯಲ್ಲೂ ಇದಕ್ಕೆ ಮದ್ದಿರಲಿಲ್ಲ. ನರದ ತುದಿಯ ಕಿರಿಕಿರಿ ಎಂದುಕೊಂಡು ಮೋಟುಗೈಯನ್ನೇ ಮತ್ತಷ್ಟು ಕತ್ತರಿಸಿದ್ದುಂಟು. ನೋವು ಮಾತ್ರ ಹೋಗುತ್ತಿರಲಿಲ್ಲ.

ಸುಳಿವು ಸಿಕ್ಕಿದ್ದು ಕೋತಿಗಳಿಂದ. ಕೈಯ ನರ ಕತ್ತರಿಸಿದ್ದ ಕೋತಿಗಳ ಮಿದುಳಿನಲ್ಲಿ, ಕೈಗೆ ಮೀಸಲಾದ ಜಾಗ ಮುಖ ಮುಟ್ಟಿದರೆ ಮಿಡಿಯುತ್ತದೆಂದು 1991ರಲ್ಲಿ ಟಿಮ್ ಪಾನ್ಸ್ ತಂಡ ವರದಿ ಮಾಡಿತು. ಚೆನ್ನೈನ ಸ್ಟ್ಯಾನ್ಲಿ ಕಾಲೇಜಿನಲ್ಲಿ ವೈದ್ಯಕೀಯ ಓದಿ ಅಮೆರಿಕದ ಸ್ಯಾನ್ ಡಿಯೇಗೊದಲ್ಲಿದ್ದ ವಿ.ಎಸ್. ರಾಮಚಂದ್ರನ್ ಅದನ್ನು ಓದಿದವರೇ, ಕೈ ಕಳೆದುಕೊಂಡ ಹುಡುಗನೊಬ್ಬನ ಕಣ್ಣು ಕಟ್ಟಿ, ಹತ್ತಿ ಸುತ್ತಿದ ಕಡ್ಡಿಯಿಂದ ಕೆನ್ನೆ ಸವರಿದರು. ಕೆನ್ನೆಯ ಜೊತೆಗೆ, ಇಲ್ಲದ ಹೆಬ್ಬೆರಳನ್ನೂ ಮುಟ್ಟಿದ ಹಾಗಾಯಿತು ಎಂದ ಹುಡುಗ.

ಕೆಲವರ ಗೋಳು ಬೇರೆ: ಮುಷ್ಟಿ ಬಿಗಿದಿದೆ, ಉಗುರು ಅಂಗೈಗೆ ನಾಟುತ್ತಿದೆ, ಬಿಡಿಸಲಾಗುತ್ತಿಲ್ಲ. ಕತ್ತರಿಸುವ ಮೊದಲೇ ಸ್ವಾಧೀನ ತಪ್ಪಿದ್ದ ಕೈಗಳು ಇವುಗಳಲ್ಲಿ ಹಲವು. ಅಲುಗು ಎಂದು ಮಿದುಳು ಹೇಳಿದಾಗಲೆಲ್ಲ ಅಲುಗಲಿಲ್ಲ ಎಂದು ಕಣ್ಣು ವರದಿ ಒಪ್ಪಿಸಿ, ಮಿದುಳು ಆ ಸೋಲನ್ನೇ ಕಲಿತಿರಬೇಕೆಂದು ರಾಮಚಂದ್ರನ್ ಊಹಿಸಿದರು. ಹಾಗಾದರೆ ಕಣ್ಣಿಗೇ ಮೋಸ ಮಾಡಬೇಕು!

ಮುಚ್ಚಳವಿಲ್ಲದ ರಟ್ಟಿನ ಪೆಟ್ಟಿಗೆ, ನಡುವೆ ನಿಲ್ಲಿಸಿದ ಕನ್ನಡಿ. ಸಾಗರದ ಪೇಟೆಯಲ್ಲೂ ಸಿಗುವ ಸಾಮಾನು. ಒಳ್ಳೆಯ ಕೈಯನ್ನು ಒಂದು ಬದಿಗೆ ತೂರಿಸಿ ನೋಡಿದರೆ, ಹೋದ ಕೈ ಇದ್ದ ಜಾಗದಲ್ಲಿ ಅದರ ಬಿಂಬ. ಬೈಕ್ ಅಪಘಾತವಾಗಿ ಹತ್ತು ವರ್ಷ ಕಳೆದಿದ್ದ ಒಬ್ಬ, ಎರಡೂ ಕೈ ಆಡಿಸಿದಂತೆ ಮಾಡಿ, ಸತ್ತ ಕೈ ಅಲುಗುತ್ತಿದೆ ಎಂದು ಕೂಗಿಯೇ ಬಿಟ್ಟ. ಕಣ್ಣು ಮುಚ್ಚಿದರೆ ಮತ್ತೆ ಮರಗಟ್ಟುತ್ತಿತ್ತು. ಪೆಟ್ಟಿಗೆಯನ್ನು ಮನೆಗೇ ಕೊಟ್ಟು ಕಳಿಸಿದರು. ಕೆಲವು ವಾರದಲ್ಲಿ ಮೊಣಕೈಯೂ ಅದರ ನೋವೂ ಮಾಯ. ಬೆರಳುಗಳು ಮಾತ್ರ ಭುಜಕ್ಕೆ ನೇತುಬಿದ್ದಿವೆಯಂತೆ, ಪೆಟ್ಟಿಗೆಗೆ ಎಟುಕುವುದಿಲ್ಲವಂತೆ.

1996ರಲ್ಲಿ ರಾಮಚಂದ್ರನ್ ಮತ್ತು ಪತ್ನಿ ಡಯಾನ್ ರೋಜರ್ಸ್ ಈ ಪ್ರಯೋಗಗಳನ್ನು ಪ್ರಕಟಿಸಿದರು. 2007ರಲ್ಲಿ ವಾಲ್ಟರ್ ರೀಡ್ ಸೇನಾ ಆಸ್ಪತ್ರೆಯಲ್ಲಿ, ಕಾಲು ಕಳೆದುಕೊಂಡ 6 ಮಂದಿ 4 ವಾರ ದಿನಕ್ಕೆ 15 ನಿಮಿಷ ಕನ್ನಡಿ ನೋಡಿ ಅಭ್ಯಾಸ ಮಾಡಿದರು. ಆರೂ ಜನರಿಗೆ ನೋವು ತಗ್ಗಿತು. ಕನ್ನಡಿಗೆ ಮುಸುಕು ಹಾಕಿದ್ದ ಗುಂಪಿನಲ್ಲಿ ತಗ್ಗಿದ್ದು ಒಬ್ಬರಿಗೆ. ಇಷ್ಟು ಚಿಕ್ಕ ಗುಂಪನ್ನು ನಂಬಿ ಕುಣಿಯುವಂತಿಲ್ಲ, ನಿಜ. ಮಿದುಳಿನಲ್ಲಿ ಆಗುವುದೇನು ಎಂಬ ಬಗ್ಗೆಯೂ ತಜ್ಞರಲ್ಲಿ ತಕರಾರಿದೆ.

2016ರಲ್ಲಿ ಸ್ವೀಡನ್ನಿನ ತಂಡವೊಂದು ಮೋಟುಗೈಯ ಸ್ನಾಯುಗಳ ಮಿಡಿತ ಹಿಡಿದು, ಪರದೆಯ ಮೇಲೆ ಕೃತಕ ಕೈ ಆಡಿಸಿ 14 ಮಂದಿಯ ನೋವಿಗೆ ಚಿಕಿತ್ಸೆ ಮಾಡಿತು. ದುಬಾರಿ ಯಂತ್ರ, ಉಪಾಯ ಹಳೆಯದೇ ಎನ್ನಬಹುದು. ಆದರೆ ಬಿಂಬ ಮೂಡಲು ಒಂದಾದರೂ ಒಳ್ಳೆಯ ಕೈ ಬೇಕು. ಎರಡೂ ಕಳೆದುಕೊಂಡವರಿಗೆ ರಟ್ಟಿನ ಪೆಟ್ಟಿಗೆ ಸಾಲದು.