ಬರೆದುದರ ಕುರಿತು ಬರೆಯುವುದು: ಶಾಲಾ ಪ್ರದರ್ಶನ ಮತ್ತು ವಿದ್ಯಾರ್ಥಿಯ ಸ್ವಾವಲೋಕನ

ಶಾಲೆಯ ವಾರ್ಷಿಕ ಪ್ರದರ್ಶನವೆಂದೊಡನೆ ವಿಜ್ಞಾನದ ಮಾದರಿಗಳು, ಭೂಗೋಲದ ನಕಾಶೆಗಳು, ಚಿತ್ರಕಲೆ ಮತ್ತು ಕರಕುಶಲ ವಸ್ತುಗಳು ಕಣ್ಣಮುಂದೆ ಬರುತ್ತವೆ. ಭಾಷಾ ವಿಷಯಕ್ಕೆ ದೊರೆಯುವ ಗೋಡೆಯಲ್ಲಿ ಬಹುತೇಕ ಕವಿಗಳ ಭಾವಚಿತ್ರಗಳೂ ಗಾದೆಮಾತುಗಳ ಫಲಕಗಳೂ ತೂಗುತ್ತಿರುತ್ತವೆ. ಕೆಲವು ಶಾಲೆಗಳಲ್ಲಿ ಮಕ್ಕಳೇ ಬರೆದ ಕಥೆ, ಕವಿತೆ, ಸಂವಾದಗಳನ್ನು ಪ್ರಕಲ್ಪದ ರೂಪದಲ್ಲಿ ಇರಿಸುವ ಪದ್ಧತಿ ಬೆಳೆದಿರುವುದು ಸ್ವಾಗತಾರ್ಹವಾಗಿದೆ. ಇಂಥ ಪ್ರಕಲ್ಪದ ಕೊನೆಯಲ್ಲಿ ‘ನನ್ನ ಅನುಭವ’ ಅಥವಾ ‘ಸ್ವಾವಲೋಕನ’ ಎಂಬ ಶೀರ್ಷಿಕೆಯ ಒಂದು ಪುಟವಿರುತ್ತದೆ. ಇಡೀ ಪ್ರಕಲ್ಪದಲ್ಲಿ ಅತ್ಯಂತ ಅವಸರದಿಂದ ಸಿದ್ಧವಾಗುವ ಪುಟವೂ ಅದೇ ಆಗಿರುತ್ತದೆ. ಆ ಪುಟಕ್ಕಿರುವ ಶೈಕ್ಷಣಿಕ ಮೌಲ್ಯವನ್ನೂ ಅದನ್ನು ಬರೆಸುವ ಕ್ರಮವನ್ನೂ ಇಲ್ಲಿ ವಿವರಿಸಲಾಗಿದೆ.

ಸ್ವಾವಲೋಕನ ಎಂದರೇನು?

ವಿದ್ಯಾರ್ಥಿಯು ತಾನು ಬರೆದ ಕೃತಿಯನ್ನು ತಾನೇ ಹಿಂದಿರುಗಿ ನೋಡಿ, ಅದು ಹೇಗೆ ರೂಪುಗೊಂಡಿತು, ಎಲ್ಲಿ ಬದಲಾಯಿತು, ಏಕೆ ಬದಲಾಯಿತು, ಏನು ಉಳಿದುಹೋಯಿತು ಎಂಬುದನ್ನು ದಾಖಲಿಸುವುದೇ ಸ್ವಾವಲೋಕನ. ಪ್ರಕಲ್ಪದ ಸಾರಾಂಶಕ್ಕೂ ಅಭಾರಮನ್ನಣೆಗೂ ಬೇರೆ ಸ್ಥಳಗಳಿವೆ. ಸ್ವಾವಲೋಕನದ ತಿರುಳು ಆಯ್ಕೆ. ಎರಡು ಪದಗಳಲ್ಲಿ ಒಂದನ್ನು, ಎರಡು ಆರಂಭಗಳಲ್ಲಿ ಒಂದನ್ನು ಮಗು ಏಕೆ ಆರಿಸಿಕೊಂಡಿತು ಎಂಬುದು ಅಲ್ಲಿ ತಿಳಿಯಬೇಕು.

ಮಗುವಿನ ತಿಳಿವಳಿಕೆಯನ್ನೂ ಅದನ್ನು ಅನ್ವಯಿಸುವ ಸಾಮರ್ಥ್ಯವನ್ನೂ ನಿರಂತರವಾಗಿ, ಸರ್ವಂಕಷವಾಗಿ ಮೌಲ್ಯಮಾಪನ ಮಾಡಬೇಕೆಂದು 2009ರ ಶಿಕ್ಷಣ ಹಕ್ಕು ಕಾಯಿದೆಯ 29ನೆಯ ಕಲಮು ಹೇಳುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪ್ರಗತಿಪತ್ರದಲ್ಲಿ ಶಿಕ್ಷಕರ ಮೌಲ್ಯಮಾಪನದೊಂದಿಗೆ ವಿದ್ಯಾರ್ಥಿಯ ಸ್ವಮೌಲ್ಯಮಾಪನಕ್ಕೂ ಸಹಪಾಠಿಗಳ ಮೌಲ್ಯಮಾಪನಕ್ಕೂ ಸ್ಥಾನವಿರಬೇಕೆಂದು ಸೂಚಿಸಿದೆ. ಆದ್ದರಿಂದ ಪ್ರದರ್ಶನದ ಈ ಒಂದು ಪುಟವು ಮೌಲ್ಯಮಾಪನದ ಮುಖ್ಯ ಆಧಾರಗಳಲ್ಲಿ ಒಂದಾಗಬಲ್ಲದು.

ಒಂದು ಉದಾಹರಣೆ

ವಿವರಣೆಯ ಅನುಕೂಲಕ್ಕಾಗಿ ಒಂದು ಕಲ್ಪಿತ ಸನ್ನಿವೇಶವನ್ನು ತೆಗೆದುಕೊಳ್ಳಬಹುದು. ಸಾಂಗ್ಲಿಗೆ ಹೊಂದಿಕೊಂಡಿರುವ ಮಾಧವನಗರದಲ್ಲಿ ವಾಸಿಸುವ ಕನ್ನಡ ಮನೆತನವೊಂದರ ಹುಡುಗಿ ಏಳನೆಯ ಇಯತ್ತೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಕಲಿಯುತ್ತಿದ್ದಾಳೆ. ಅವಳ ಹಿರಿಯರು ಜತ್ತ ತಾಲೂಕಿನಿಂದ ದುಡಿಮೆಗಾಗಿ ಬಂದವರು. ಅಜ್ಜ ಸಾಂಗ್ಲಿಯ ಅರಿಶಿನ ಪೇಟೆಯಲ್ಲಿ ಹಮಾಲಿ ಮಾಡಿದವನು. ‘ನಮ್ಮ ಊರು, ನಮ್ಮ ಕಸುಬು’ ಎಂಬ ವಿಷಯದ ಮೇಲೆ ಕಥೆ ಬರೆಯಲು ತಿಳಿಸಿದಾಗ ಅವಳು ಅಜ್ಜನ ಕೆಲಸವನ್ನೇ ಆರಿಸಿಕೊಳ್ಳುತ್ತಾಳೆ.

ಈ ವಿಷಯದ ಹಿನ್ನೆಲೆ ಶಿಕ್ಷಕರಿಗೆ ತಿಳಿದಿರುವುದು ಒಳ್ಳೆಯದು. ಸಾಂಗ್ಲಿಯ ಅರಿಶಿನವು 2018ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆಯಿತು. ಕೃಷ್ಣಾ ಮತ್ತು ವಾರಣಾ ನದಿಗಳು ಕೂಡುವ ಹರಿಪುರದಲ್ಲಿ ಅರಿಶಿನವನ್ನು ನೆಲದೊಳಗಿನ ಆಳವಾದ ಗುಂಡಿಗಳಲ್ಲಿ ಕೂಡಿಡುವ ಪದ್ಧತಿ ಹಿಂದಿನಿಂದ ಬಂದಿತ್ತು. ಮರಾಠಿಯಲ್ಲಿ ‘ಪೇವ’ ಎನ್ನುವ ಈ ಗುಂಡಿಗೆ ಕನ್ನಡದಲ್ಲಿ ‘ಹಗೇವು’ ಎಂಬ ಹೆಸರಿದೆ. ಬಾಯಿ ಮುಚ್ಚಿದ ಹಗೇವಿನೊಳಗೆ ಉಸಿರಾಡಲು ಯೋಗ್ಯವಾದ ಗಾಳಿ ಇರುವುದಿಲ್ಲ. ಆದ್ದರಿಂದ ಬಾಯಿ ತೆರೆದ ಕೂಡಲೆ ಯಾರೂ ಒಳಗಿಳಿಯುವಂತಿಲ್ಲ. 2005ರ ಮಹಾಪೂರದಲ್ಲಿ ಈ ಹಗೇವುಗಳು ನೀರಿಗೆ ಸಿಕ್ಕಿದವು. 2019ರ ಆಗಸ್ಟ್ ತಿಂಗಳಿನಲ್ಲಿ ಸಾಂಗ್ಲಿಯ ಆಯರ್ವಿನ್ ಸೇತುವೆಯ ಬಳಿ ಕೃಷ್ಣೆಯ ಮಟ್ಟ 57 ಅಡಿಗಳನ್ನು ಮೀರಿತ್ತು.

ಈಗ ಆ ಹುಡುಗಿಯ ಸ್ವಾವಲೋಕನ ಎರಡು ಬಗೆಯಲ್ಲಿ ಬರಬಹುದು. ಮೊದಲನೆಯದು ಹೀಗಿರುತ್ತದೆ:

“ಈ ಪ್ರಕಲ್ಪವನ್ನು ಕೈಗೊಳ್ಳಲು ಅವಕಾಶ ದೊರೆತದ್ದಕ್ಕೆ ನಾನು ಅತ್ಯಂತ ಸಂತೋಷಪಡುತ್ತೇನೆ. ಇದರಿಂದ ನನ್ನ ಸೃಜನಶೀಲತೆಯು ವೃದ್ಧಿಯಾಯಿತು. ನಮ್ಮ ಪೂರ್ವಜರ ಪರಿಶ್ರಮದ ಮಹತ್ವವನ್ನು ಅರಿತೆನು. ಮಾರ್ಗದರ್ಶನ ನೀಡಿದ ಗುರುವೃಂದಕ್ಕೆ ಚಿರಋಣಿಯಾಗಿದ್ದೇನೆ.”

ಎರಡನೆಯದು ಹೀಗಿರುತ್ತದೆ:

“ನಾನು ಮೊದಲು ಬರೆದ ಕಥೆಯಲ್ಲಿ ಹಗೇವಿನ ಬಾಯಿ ತೆರೆದ ಕೂಡಲೆ ಮುತ್ಯಾ ಒಳಗೆ ಇಳಿಯುತ್ತಿದ್ದ. ಅದನ್ನು ಓದಿ ಹೇಳಿದಾಗ ಮುತ್ಯಾ ನಕ್ಕ. ‘ಹಂಗ ಇಳದ್ರ ಮನಶ್ಯಾ ಉಳಿಯಾಂಗಿಲ್ಲ’ ಅಂದ. ಬಾಯಿ ತೆರೆದು ಬಹಳ ಹೊತ್ತು ಗಾಳಿ ಆಡಲು ಬಿಡಬೇಕಂತೆ. ಆಮೇಲೆ ಕಂದೀಲು ಇಳಿಬಿಟ್ಟು ನೋಡಬೇಕಂತೆ. ದೀಪ ಆರಿದರೆ ಯಾರೂ ಇಳಿಯಬಾರದು. ಇದು ನನಗೆ ಗೊತ್ತಿರಲಿಲ್ಲ. ಅದಕ್ಕೆ ಎರಡನೆಯ ಸಲ ಬರೆಯುವಾಗ ಎಲ್ಲರೂ ಸುತ್ತ ಕುಳಿತು ಕಾಯುವುದನ್ನು ಬರೆದೆ. ಈಗ ನನ್ನ ಕಥೆಯಲ್ಲಿ ಆ ಕಾಯುವುದೇ ದೊಡ್ಡದಾಗಿದೆ. ಕಥೆಯ ಹೆಸರು ಮೊದಲು ‘ಪೇವ’ ಎಂದಿತ್ತು. ನಮ್ಮ ಓಣಿಯಲ್ಲಿ ಎಲ್ಲರೂ ಹಾಗೇ ಅನ್ನುತ್ತಾರೆ. ‘ಹಗೇವು’ ಅನ್ನುವ ಮಾತು ಮುತ್ಯಾನಿಂದ ಸಿಕ್ಕಿತು. ನೀರು ಬಂದ ವರ್ಷದ ಬಗ್ಗೆ ಕೇಳಿದೆ, ಅವನು ಮಾತಾಡಲಿಲ್ಲ. ನಾನೂ ಬಿಟ್ಟೆ. ಅದಕ್ಕೆ ಕಥೆಯ ಕೊನೆ ಸರಿಯಾಗಿ ಬಂದಿಲ್ಲ ಅನಿಸುತ್ತದೆ.”

ಮೊದಲನೆಯ ಬರಹದಲ್ಲಿ ಒಂದೂ ಕಾಗುಣಿತದ ತಪ್ಪಿಲ್ಲ. ಆದರೆ ಅದನ್ನು ಯಾವ ಶಾಲೆಯ ಯಾವ ವಿದ್ಯಾರ್ಥಿಯ ಯಾವ ಪ್ರಕಲ್ಪಕ್ಕಾದರೂ ಅಂಟಿಸಬಹುದು. ಎರಡನೆಯದನ್ನು ಆ ಒಬ್ಬ ಹುಡುಗಿಯ ಹೊರತು ಬೇರೆ ಯಾರೂ ಬರೆಯಲಾರರು. ಅದರಲ್ಲಿ ನಾಲ್ಕು ಅಂಶಗಳನ್ನು ಶಿಕ್ಷಕರು ಗುರುತಿಸಬಹುದು. ತನ್ನ ಮೊದಲ ಕರಡಿನಲ್ಲಿದ್ದ ತಪ್ಪನ್ನು ಅವಳು ಹೆಸರಿಸಿದ್ದಾಳೆ. ತಿಳಿವಳಿಕೆ ಎಲ್ಲಿಂದ ಬಂತೆಂಬುದನ್ನು ಹೇಳಿದ್ದಾಳೆ. ಒಂದು ಸಂಗತಿ ತಿಳಿದದ್ದರಿಂದ ಕಥೆಯ ರೂಪವೇ ಬದಲಾದುದನ್ನು ಕಂಡುಕೊಂಡಿದ್ದಾಳೆ. ಕೊನೆಯದಾಗಿ, ಕೃತಿಯಲ್ಲಿ ಉಳಿದಿರುವ ಕೊರತೆಯನ್ನು ಒಪ್ಪಿಕೊಂಡಿದ್ದಾಳೆ. ಅಜ್ಜನ ನಗುವಿನಿಂದ ಆರಂಭವಾದ ತಿದ್ದುಪಡಿ ಕಥೆಯ ನಡುವಿನ ಭಾಗವನ್ನೇ ಹೊಸದಾಗಿ ಕಟ್ಟಿತು. ಸೃಜನಶೀಲತೆ ವೃದ್ಧಿಯಾಯಿತೆಂದು ಬರೆಯುವ ಅಗತ್ಯ ಅವಳಿಗೆ ಬೀಳಲಿಲ್ಲ.

ಸಿದ್ಧ ವಾಕ್ಯಗಳು ಏಕೆ ಬರುತ್ತವೆ?

ಇದಕ್ಕೆ ಮಕ್ಕಳನ್ನು ದೂಷಿಸುವಂತಿಲ್ಲ. ಪ್ರದರ್ಶನಕ್ಕೆ ಎರಡು ದಿನ ಉಳಿದಾಗ ಸ್ವಾವಲೋಕನ ಬರೆಯಲು ಹೇಳಿದರೆ ಮಗುವಿನ ಬಳಿ ನೆನಪಿಸಿಕೊಳ್ಳಲು ಸಮಯವೂ ಇರುವುದಿಲ್ಲ, ಆಧಾರವೂ ಇರುವುದಿಲ್ಲ. ಮೊದಲ ಕರಡನ್ನು ಶುದ್ಧಪ್ರತಿ ಆದೊಡನೆ ಹರಿದು ಎಸೆಯಲಾಗಿರುತ್ತದೆ. ಜೊತೆಗೆ, ಅತಿಥಿಗಳು ಓದುವ ಪುಟದಲ್ಲಿ ತಪ್ಪನ್ನು ಒಪ್ಪಿಕೊಳ್ಳುವುದು ಶಾಲೆಯ ಗೌರವಕ್ಕೆ ಕುಂದು ಎಂಬ ಭಾವನೆ ಮಕ್ಕಳಲ್ಲಿಯೂ ಕೆಲವೊಮ್ಮೆ ಶಿಕ್ಷಕರಲ್ಲಿಯೂ ಇರುತ್ತದೆ. ಆಗ ಶಿಕ್ಷಕರು ಫಲಕದ ಮೇಲೆ ಬರೆದುಕೊಟ್ಟ ಮಾದರಿಯನ್ನು ಇಡೀ ವರ್ಗ ನಕಲು ಮಾಡುತ್ತದೆ.

ಶಿಕ್ಷಕರು ಅನುಸರಿಸಬಹುದಾದ ಕ್ರಮ

1. ಮೊದಲ ಕರಡನ್ನು ಕಾಪಾಡುವುದು. ಪ್ರಕಲ್ಪದ ಆರಂಭದಲ್ಲಿಯೇ ಪ್ರತಿ ವಿದ್ಯಾರ್ಥಿಗೂ ಒಂದು ಲಕೋಟೆ ಅಥವಾ ಕಡತ ಕೊಟ್ಟು, ಗೀಚಿ ಹೊಡೆದುಹಾಕಿದ ಹಾಳೆಗಳನ್ನೂ ಅದರಲ್ಲಿ ಇಡಲು ತಿಳಿಸಬೇಕು. ಪ್ರತಿ ಹಾಳೆಯ ಮೇಲೆ ದಿನಾಂಕವಿರಬೇಕು.

2. ಹಂತಹಂತವಾಗಿ ಬರೆಸುವುದು. ವಿಷಯ ಆರಿಸಿದ ದಿನ ಎರಡು ವಾಕ್ಯ, ಮೊದಲ ಕರಡು ಮುಗಿದ ದಿನ ಮೂರು ವಾಕ್ಯ, ಗೆಳೆಯರಿಗೋ ಮನೆಯವರಿಗೋ ಓದಿ ತೋರಿಸಿದ ಮೇಲೆ ಮೂರು ವಾಕ್ಯ. ಕೊನೆಯ ಪುಟವು ಈ ಟಿಪ್ಪಣಿಗಳಿಂದಲೇ ಮೂಡಿಬರುತ್ತದೆ.

3. ನಿಖರವಾದ ಪ್ರಶ್ನೆಗಳನ್ನು ಕೇಳುವುದು. ‘ನಿನಗೆ ಹೇಗೆ ಅನಿಸಿತು?’ ಎಂಬ ಪ್ರಶ್ನೆಗೆ ‘ಚೆನ್ನಾಗಿ ಅನಿಸಿತು’ ಎಂಬುದೇ ಉತ್ತರ. ಅದರ ಬದಲು ಈ ಕೆಳಗಿನ ಪ್ರಶ್ನೆಗಳನ್ನು ಬಳಸಬಹುದು:
– ಮೊದಲ ಕರಡಿನಲ್ಲಿದ್ದು ಈಗ ಇಲ್ಲದಿರುವ ಒಂದು ವಾಕ್ಯ ಯಾವುದು? ಅದನ್ನು ಏಕೆ ತೆಗೆದೆ?
– ಯಾವ ಪದಕ್ಕಾಗಿ ಬಹಳ ಹೊತ್ತು ಹುಡುಕಿದೆ? ಅದು ಯಾರಿಂದ ಸಿಕ್ಕಿತು?
– ಕಥೆಯನ್ನು ಕೇಳಿದವರು ಎಲ್ಲಿ ನಕ್ಕರು, ಎಲ್ಲಿ ಪ್ರಶ್ನೆ ಕೇಳಿದರು?
– ಇನ್ನೂ ಸರಿಯಾಗಿಲ್ಲ ಎಂದು ನಿನಗೆ ಅನಿಸುವ ಭಾಗ ಯಾವುದು?

4. ಶಿಕ್ಷಕರು ತಾವೂ ಬರೆಯುವುದು. ಅಮಳನೇರದ ಪ್ರತಾಪ ಹೈಸ್ಕೂಲಿನಲ್ಲಿ ಶಿಕ್ಷಕರಾಗಿದ್ದು ವಸತಿಗೃಹದ ಹೊಣೆ ಹೊತ್ತಿದ್ದ ಸಾನೆ ಗುರೂಜಿಯವರು ಅಲ್ಲಿಯ ಮಕ್ಕಳಿಗಾಗಿ ಕೈಬರಹದ ದೈನಿಕವೊಂದನ್ನು ನಡೆಸಿದರು. ಗುರುಗಳು ಬರೆಯುವುದನ್ನು ಕಣ್ಣಾರೆ ಕಂಡ ಮಕ್ಕಳಿಗೆ ಬರವಣಿಗೆಯು ಪರೀಕ್ಷೆಯ ಹೊರಗೂ ಇರುವ ಕೆಲಸವೆಂದು ತಿಳಿಯುತ್ತದೆ. ಶಿಕ್ಷಕರು ತಮ್ಮದೊಂದು ಪರಿಚ್ಛೇದವನ್ನು ಫಲಕದ ಮೇಲೆ ಬರೆದು, ಮಕ್ಕಳ ಎದುರಿಗೇ ತಿದ್ದಿ, ತಿದ್ದಿದ ಕಾರಣವನ್ನು ಹೇಳಿದರೆ ಅದಕ್ಕಿಂತ ಉತ್ತಮ ಮಾದರಿ ಬೇರೆ ಬೇಕಿಲ್ಲ.

ಎರಡು ಭಾಷೆಗಳ ನಡುವೆ ಬರೆಯುವ ಮಗು

ಪ್ರಾಥಮಿಕ ಹಂತದಲ್ಲಿ ಭಾಷಿಕ ಅಲ್ಪಸಂಖ್ಯಾತ ಮಕ್ಕಳಿಗೆ ಮಾತೃಭಾಷೆಯಲ್ಲಿ ಶಿಕ್ಷಣ ನೀಡಲು ಸಾಕಷ್ಟು ಸೌಲಭ್ಯ ಒದಗಿಸಬೇಕೆಂದು ಸಂವಿಧಾನದ 350ಎ ಅನುಚ್ಛೇದ ಹೇಳುತ್ತದೆ. 1956ರ ಏಳನೆಯ ತಿದ್ದುಪಡಿಯಿಂದ ಸೇರಿದ ಈ ಅನುಚ್ಛೇದವು ಶಾಲೆಗೆ ಆಧಾರ ಒದಗಿಸಬಲ್ಲದು. ಆ ಭಾಷೆ ತನ್ನದೆಂಬ ಭಾವನೆಯನ್ನು ಮಗುವಿನಲ್ಲಿ ಬೆಳೆಸುವ ಕೆಲಸ ವರ್ಗದಲ್ಲಿಯೇ ಆಗಬೇಕು.

ಸಾಂಗ್ಲಿ–ಮಿರಜ ಭಾಗದ ಕನ್ನಡ ಮಗುವಿಗೆ ಪೇಟೆಯಲ್ಲಿ ‘ಹಳದ’, ಮನೆಯಲ್ಲಿ ‘ಅರಿಶಿನ’. ಗೆಳತಿಯ ಮನೆಯಲ್ಲಿ ‘ತೂಪ’, ತನ್ನ ಮನೆಯಲ್ಲಿ ‘ತುಪ್ಪ’. ಇವುಗಳ ಜೊತೆಗೆ ಪಠ್ಯಪುಸ್ತಕದ ಕನ್ನಡವು ಮೂರನೆಯದಾಗಿ ನಿಲ್ಲುತ್ತದೆ. ಮಗು ಈ ಮೂರರ ನಡುವೆ ದಿನವೂ ಆಯ್ಕೆ ಮಾಡುತ್ತಲೇ ಇರುತ್ತದೆ. ಆ ಆಯ್ಕೆಯನ್ನು ಬಾಯಿಬಿಟ್ಟು ಹೇಳಲು ಸ್ವಾವಲೋಕನದ ಪುಟ ಅವಕಾಶ ಕೊಡುತ್ತದೆ. ಮೇಲಿನ ಉದಾಹರಣೆಯಲ್ಲಿ ‘ಪೇವ’ವು ತಪ್ಪು ಪದವೆಂದು ಶಿಕ್ಷಕರು ಕೆಂಪು ಶಾಯಿಯಿಂದ ಹೊಡೆದಿದ್ದರೆ ಹುಡುಗಿಗೆ ‘ಹಗೇವು’ ಸಿಗುತ್ತಿರಲಿಲ್ಲ. ‘ಇದಕ್ಕೆ ನಿಮ್ಮ ಮನೆಯಲ್ಲಿ ಏನೆನ್ನುತ್ತಾರೆ?’ ಎಂಬ ಒಂದು ಪ್ರಶ್ನೆ ಅವಳನ್ನು ಅಜ್ಜನ ಬಳಿಗೆ ಕಳುಹಿಸುತ್ತದೆ.

ತಿದ್ದುವಾಗಲೂ ಇದೇ ವಿವೇಕ ಬೇಕು. ಅಲ್ಪಪ್ರಾಣ–ಮಹಾಪ್ರಾಣಗಳ ಗೊಂದಲ, ಒತ್ತಕ್ಷರದ ತಪ್ಪು, ವಿರಾಮ ಚಿಹ್ನೆ ಇವುಗಳನ್ನು ಅವಶ್ಯವಾಗಿ ತಿದ್ದಿಸಬೇಕು. ಅಜ್ಜನ ಮಾತನ್ನು ಅವನ ನುಡಿಯಲ್ಲಿಯೇ ಉಲ್ಲೇಖಿಸಿದ್ದನ್ನು ಗ್ರಾಂಥಿಕ ಭಾಷೆಗೆ ಬದಲಿಸಬಾರದು. ‘ಮುತ್ಯಾ ಅಂದ’ ಎಂಬುದನ್ನು ‘ಅಜ್ಜನವರು ಹೇಳಿದರು’ ಎಂದು ಮಾಡಿದರೆ ಗೌರವ ಹೆಚ್ಚಿದಂತೆ ಕಾಣಬಹುದು. ಆದರೆ ಆ ಮನೆಯ ಸಲುಗೆ ಕಾಗದದಿಂದ ಅಳಿಸಿಹೋಗುತ್ತದೆ.

ತನ್ನ ಊರು ಕನ್ನಡದಿಂದ ದೂರವಿದೆ ಎಂಬ ಕೀಳರಿಮೆಯೂ ಮಗುವಿಗೆ ಬೇಕಿಲ್ಲ. ಸಾಂಗ್ಲಿಯ ವಿಲಿಂಗ್ಡನ್ ಕಾಲೇಜಿನಲ್ಲಿ ದೀರ್ಘಕಾಲ ಕನ್ನಡ ಪ್ರಾಧ್ಯಾಪಕರಾಗಿದ್ದ ರಂ. ಶ್ರೀ. ಮುಗಳಿಯವರ ‘ಕನ್ನಡ ಸಾಹಿತ್ಯ ಚರಿತ್ರೆ’ಗೆ 1956ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆಯಿತು. ಕನ್ನಡದ ಚರಿತ್ರೆಯನ್ನು ಬರೆದವರು ಇದೇ ಪರಿಸರದಲ್ಲಿ ಪಾಠ ಹೇಳಿದ್ದರೆಂದು ಮಕ್ಕಳಿಗೆ ತಿಳಿಸಬೇಕು. ಬರೆಯಲು ವಿಷಯಗಳೂ ಸುತ್ತಲೇ ಇವೆ: ಮಿರಜದಲ್ಲಿ ತಂಬೂರಿ, ಸಿತಾರ ತಯಾರಿಸುವ ಕುಶಲಿಗಳು, ಕೃಷ್ಣೆಯ ನೆರೆ, ವಿಷ್ಣುದಾಸ ಭಾವೆಯವರು 1843ರಲ್ಲಿ ಸಾಂಗ್ಲಿಯಲ್ಲಿ ಆಡಿಸಿದ ನಾಟಕ. ಕರ್ನಾಟಕದಿಂದ ಬಂದ ಭಾಗವತ ಮೇಳದ ಆಟವೇ ಆ ನಾಟಕಕ್ಕೆ ಪ್ರೇರಣೆಯಾಗಿತ್ತು.

ಮನೆಯ ಮಾತು, ಗೋಡೆಯ ಮಾತು

ಮನೆಯ ಅನುಭವವನ್ನು ಆಧರಿಸಿದ ಬರವಣಿಗೆಯಲ್ಲಿ ಒಂದು ಎಚ್ಚರ ಅವಶ್ಯ. ಬಡತನ, ಸಾಲ, ಸಾವು, ನೆರೆಯ ನಷ್ಟ ಇಂಥವು ಪ್ರದರ್ಶನದ ಗೋಡೆಗೆ ಬರುವ ಮೊದಲು ಮಗುವಿನ ಮತ್ತು ಮನೆಯವರ ಒಪ್ಪಿಗೆ ಪಡೆಯಬೇಕು. ಅಜ್ಜ ಮಾತಾಡಲಿಲ್ಲ, ತಾನೂ ಬಿಟ್ಟೆ ಎಂದು ಹುಡುಗಿ ಬರೆದಾಗ, ‘ಇನ್ನೊಮ್ಮೆ ಕೇಳು, ಕಥೆಗೆ ಒಳ್ಳೆಯ ಅಂತ್ಯ ಸಿಗುತ್ತದೆ’ ಎಂದು ಶಿಕ್ಷಕರು ಒತ್ತಾಯಿಸಬಾರದು. ಕಥೆಯ ಕೊನೆ ಕುಂದಿದರೂ ಅವಳ ತೀರ್ಮಾನ ಸರಿಯಾದದ್ದು. ಅದನ್ನು ಮೆಚ್ಚಿ ಒಂದು ಮಾತು ಹೇಳುವುದು ಶಿಕ್ಷಕರ ಕರ್ತವ್ಯ.

ಮೌಲ್ಯಮಾಪನ

ಸ್ವಾವಲೋಕನಕ್ಕೆ ಉದ್ದದ ಆಧಾರದ ಮೇಲೆ ಅಂಕ ಕೊಡಬಾರದು. ಕನಿಷ್ಠ ಒಂದು ಬದಲಾವಣೆಯನ್ನು ಕಾರಣಸಹಿತ ಹೇಳಲಾಗಿದೆಯೇ, ಕೃತಿಯಿಂದ ಆಧಾರ ಕೊಡಲಾಗಿದೆಯೇ, ಸಹಾಯ ಮಾಡಿದವರ ಪಾಲನ್ನು ನಿರ್ದಿಷ್ಟವಾಗಿ ತಿಳಿಸಲಾಗಿದೆಯೇ, ಉಳಿದ ಕೊರತೆಯನ್ನು ಗುರುತಿಸಲಾಗಿದೆಯೇ ಎಂಬ ನಾಲ್ಕು ನಿಕಷಗಳು ಸಾಕು. ತನ್ನ ಕೊರತೆಯನ್ನು ಪ್ರಾಮಾಣಿಕವಾಗಿ ಬರೆದ ಕಾರಣಕ್ಕೆ ಯಾವ ಮಗುವಿನ ಅಂಕವೂ ಕಡಿಮೆಯಾಗಬಾರದು. ಒಮ್ಮೆ ಹಾಗಾದರೆ ಮರುವರ್ಷ ಇಡೀ ವರ್ಗ ಸಿದ್ಧ ವಾಕ್ಯಗಳಿಗೆ ಮರಳುತ್ತದೆ. ಬರೆಯಲು ಕಷ್ಟಪಡುವ ಮಕ್ಕಳು ಬಾಯಿಂದ ಹೇಳಿದ್ದನ್ನು ಶಿಕ್ಷಕರು ಅಥವಾ ಸಹಪಾಠಿಗಳು ಬರೆದುಕೊಳ್ಳಬಹುದು.

ಪ್ರದರ್ಶನದ ದಿನ

ಅಂತಿಮ ಪ್ರತಿಯ ಪಕ್ಕದಲ್ಲಿ ಮೊದಲ ಕರಡಿನ ಒಂದು ಹಾಳೆಯನ್ನೂ ಸ್ವಾವಲೋಕನವನ್ನೂ ಇರಿಸಬೇಕು. ನೋಡುಗರಲ್ಲಿ ಮರಾಠಿ ಬಲ್ಲವರು ಹೆಚ್ಚಾಗಿರುವುದರಿಂದ ಕಥೆಯ ನಾಲ್ಕು ಸಾಲಿನ ಪರಿಚಯವನ್ನು ವಿದ್ಯಾರ್ಥಿಯೇ ಮರಾಠಿಯಲ್ಲಿ ಬರೆಯುವುದು ಉಚಿತ. ಎರಡೂ ಭಾಷೆಗಳಲ್ಲಿ ನಿಲ್ಲಬಲ್ಲೆನೆಂಬ ಧೈರ್ಯ ಅದರಿಂದ ಬರುತ್ತದೆ.

ಆ ದಿನ ಪಾಲಕರೂ ಬರುತ್ತಾರೆ. ಮುಂದಿನ ವರ್ಷ ಮಗುವನ್ನು ಕನ್ನಡ ಮಾಧ್ಯಮದಲ್ಲಿಯೇ ಮುಂದುವರಿಸಬೇಕೇ ಎಂಬ ಚಿಂತೆ ಅನೇಕರ ಮನಸ್ಸಿನಲ್ಲಿರುತ್ತದೆ. ಕನ್ನಡದ ಮಹತ್ವವನ್ನು ಸಾರುವ ಭಾಷಣಗಳನ್ನು ಅವರು ಹಿಂದೆಯೂ ಕೇಳಿದ್ದಾರೆ. ತಮ್ಮ ಮಗಳು ಕನ್ನಡದಲ್ಲಿ ಯೋಚಿಸಿ, ತಪ್ಪಿ, ಕೇಳಿ, ತಿದ್ದಿ, ಕಾರಣ ಹೇಳಬಲ್ಲಳೆಂಬುದನ್ನು ಗೋಡೆಯ ಮೇಲೆ ಓದಿದಾಗ ಆ ಭಾಷೆಯಿಂದ ಏನಾಗುತ್ತದೆಂಬುದು ಅವರಿಗೆ ತಾನಾಗಿ ತಿಳಿಯುತ್ತದೆ. ಓದಲು ಬಾರದ ಅಜ್ಜನಿದ್ದರೆ ಮಗುವೇ ಆ ಪುಟವನ್ನು ಗಟ್ಟಿಯಾಗಿ ಓದಿ ಹೇಳಲಿ.

ಪ್ರದರ್ಶನ ಮುಗಿದ ಬಳಿಕ ಈ ಹಾಳೆಗಳನ್ನು ರದ್ದಿಗೆ ಹಾಕದೆ ವಿದ್ಯಾರ್ಥಿಯ ಕೃತಿ ಸಂಪುಟದಲ್ಲಿ ಸೇರಿಸಬೇಕು. ಮರುವರ್ಷದ ಮೊದಲ ತಾಸಿನಲ್ಲಿ ಅವುಗಳನ್ನು ಮಗುವಿನ ಕೈಗೆ ಕೊಟ್ಟು, ‘ಹೋದ ವರ್ಷ ಸರಿಯಾಗಿಲ್ಲ ಎಂದು ಬರೆದಿದ್ದ ಭಾಗವನ್ನು ಈಗ ಹೇಗೆ ಬರೆಯುವೆ?’ ಎಂದು ಕೇಳಬಹುದು. ಹೊಸ ವರ್ಷದ ಬರವಣಿಗೆಯ ಪಾಠ ಅಲ್ಲಿಂದಲೇ ಆರಂಭವಾಗಲಿ.