ಬೀದಿಯಿಂದ ಆಸ್ಪತ್ರೆಗೆ, ಆಸ್ಪತ್ರೆಯಿಂದ ಎಲ್ಲಿಗೆ? ಮನೋರೋಗಿಗಳ ಆಸರೆ ಮನೆಗೆ ಹಣದ ಲೆಕ್ಕ

ಉಡುಪಿಯ ಇಂದ್ರಾಳಿ ರೈಲು ನಿಲ್ದಾಣದಲ್ಲಾಗಲಿ, ಮಂಗಳೂರು ಸೆಂಟ್ರಲ್‌ನಲ್ಲಾಗಲಿ, ಹೆದ್ದಾರಿ ಬದಿಯ ಬಸ್ ತಂಗುದಾಣಗಳಲ್ಲಾಗಲಿ ಇವರನ್ನು ನಾವೆಲ್ಲರೂ ಕಂಡಿದ್ದೇವೆ. ಜಡೆಗಟ್ಟಿದ ಕೂದಲು, ಸುಡುಬಿಸಿಲಿನಲ್ಲೂ ಮೈಮೇಲೆ ಮೂರು ನಾಲ್ಕು ಅಂಗಿ, ಕೈಯಲ್ಲೊಂದು ಗಂಟು. ಎಷ್ಟೋ ಸಲ ಭಾಷೆಯೂ ನಮ್ಮದಲ್ಲ. ಎಲ್ಲೋ ದೂರದ ರಾಜ್ಯದಲ್ಲಿ ರೈಲು ಹತ್ತಿದವರು ಇಲ್ಲಿ ಬಂದು ಇಳಿದಿರುತ್ತಾರೆ. ಯಾರೋ ಒಂದು ಪೊಟ್ಟಣ ಊಟ ಕೊಡುತ್ತಾರೆ, ಇನ್ಯಾರೋ ಕಲ್ಲು ತೋರಿಸಿ ಓಡಿಸುತ್ತಾರೆ.

ಇಂಥವರನ್ನು ಬೀದಿಯಿಂದ ಎತ್ತಿ ಚಿಕಿತ್ಸೆ ಕೊಡಿಸುವ ಕೆಲಸ ನಮ್ಮ ಕರಾವಳಿಗೆ ಹೊಸದೇನಲ್ಲ. ಮಂಜೇಶ್ವರದ ಸ್ನೇಹಾಲಯ ಮತ್ತು ಮಂಗಳೂರಿನ ವೈಟ್ ಡವ್ಸ್ ಸಂಸ್ಥೆಗಳ ಹೆಸರನ್ನು ಓದುಗರು ಬಲ್ಲರು. ಮಹಾರಾಷ್ಟ್ರದ ಕರ್ಜತ್‌ನಲ್ಲಿ ಶ್ರದ್ಧಾ ಪುನರ್ವಸತಿ ಕೇಂದ್ರ ನಡೆಸುವ ಮನೋವೈದ್ಯ ಡಾ. ಭರತ್ ವಟವಾನಿಯವರಿಗೆ ಇದೇ ಸೇವೆಗಾಗಿ 2018ರಲ್ಲಿ ರಾಮನ್ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಸ್ನಾನ, ಊಟ, ಔಷಧಿ, ಕೆಲವು ತಿಂಗಳ ತಾಳ್ಮೆ. ಆಮೇಲೆ ಒಂದು ದಿನ ರೋಗಿ ತನ್ನ ಊರಿನ ಹೆಸರು ಹೇಳುತ್ತಾನೆ. ಹೀಗೆ ಅನೇಕರು ಮನೆ ಸೇರಿದ್ದಾರೆ.

ಊರಿನ ಹೆಸರು ನೆನಪಿಲ್ಲದವರು ಏನು ಮಾಡಬೇಕು? ನೆನಪಿದ್ದು ಹೋದರೂ ತಮ್ಮಂದಿರು ಬಾಗಿಲು ತೆರೆಯದಿದ್ದರೆ? ಗಂಡ ಬೇರೆ ಮದುವೆಯಾಗಿದ್ದರೆ? ಈ ಲೇಖನ ಅವರ ಕುರಿತಾದುದು. 2019ರಲ್ಲಿ ಪ್ರಕಟವಾದ ಒಂದು ರಾಷ್ಟ್ರೀಯ ಅಧ್ಯಯನವು ದೇಶದ 43 ಸರಕಾರಿ ಮಾನಸಿಕ ಆಸ್ಪತ್ರೆಗಳನ್ನು ನೋಡಿತ್ತು. ಅಲ್ಲಿನ ಒಳರೋಗಿಗಳಲ್ಲಿ ನೂರಕ್ಕೆ 36 ಮಂದಿ ಒಂದು ವರ್ಷಕ್ಕಿಂತ ಹೆಚ್ಚು ಕಾಲದಿಂದ ಅಲ್ಲೇ ಇದ್ದರು. ಇವರಲ್ಲಿ ಎಷ್ಟೋ ಮಂದಿಗೆ ಈಗ ಆಸ್ಪತ್ರೆಯ ಅಗತ್ಯವಿಲ್ಲ. ಅಗತ್ಯವಿರುವುದು ಒಂದು ವಿಳಾಸ.

ಆಸರೆ ಮನೆ ಎಂದರೇನು?

ಇದು ಅನಾಥಾಶ್ರಮವಲ್ಲ, ಆಸ್ಪತ್ರೆಯೂ ಅಲ್ಲ. ಸಾಮಾನ್ಯ ಬೀದಿಯಲ್ಲಿ ಒಂದು ಸಾಮಾನ್ಯ ಬಾಡಿಗೆ ಮನೆ. ಅದರಲ್ಲಿ ನಾಲ್ಕೈದು ಮಂದಿ ಒಟ್ಟಿಗೆ ವಾಸಿಸುತ್ತಾರೆ. ಅಡುಗೆ ಏನೆಂದು ಅವರೇ ನಿರ್ಧರಿಸುತ್ತಾರೆ, ಸಂತೆಗೆ ಹೋಗುತ್ತಾರೆ, ಆದವರು ದುಡಿಯುತ್ತಾರೆ. ಜತೆಗೆ ತರಬೇತಾದ ಸಹಾಯಕಿಯೊಬ್ಬರು ಇರುತ್ತಾರೆ: ಮಾತ್ರೆ ತಪ್ಪದಂತೆ ನೋಡಲು, ನಿದ್ರೆ ಕೆಟ್ಟರೆ ವೈದ್ಯರಿಗೆ ತಿಳಿಸಲು, ಬ್ಯಾಂಕಿಗೆ ಜತೆಯಾಗಿ ಹೋಗಲು. ಗೇಟಿಗೆ ಬೀಗವಿಲ್ಲ.

ನಮ್ಮ ದೇಶದಲ್ಲಿ ಇದಕ್ಕೆ ಹೆಸರಾದದ್ದು ಚೆನ್ನೈಯ ‘ದ ಬ್ಯಾನಿಯನ್’ ಸಂಸ್ಥೆ. ಬೀದಿಯಲ್ಲಿ ಅಲೆಯುತ್ತಿದ್ದ ಮನೋರೋಗಿ ಮಹಿಳೆಯರಿಗಾಗಿ ವಂದನಾ ಗೋಪಿಕುಮಾರ್ ಮತ್ತು ವೈಷ್ಣವಿ ಜಯಕುಮಾರ್ ಎಂಬ ಇಬ್ಬರು ಯುವತಿಯರು 1993ರಲ್ಲಿ ಇದನ್ನು ಆರಂಭಿಸಿದರು. ವರ್ಷಗಳು ಕಳೆದಂತೆ ಗುಣಮುಖರಾದರೂ ಹೋಗಲು ಜಾಗವಿಲ್ಲದವರು ಅವರ ಕೇಂದ್ರದಲ್ಲೇ ಉಳಿದುಬಿಟ್ಟರು. ಅದಕ್ಕೆ ಉತ್ತರವಾಗಿ 2015ರಲ್ಲಿ ‘ಹೋಮ್ ಅಗೇನ್’ ಎಂಬ ಯೋಜನೆ ಹುಟ್ಟಿತು. ಆರಂಭದ ಹಣ ಬಂದದ್ದು ಗ್ರ್ಯಾಂಡ್ ಚಾಲೆಂಜಸ್ ಕೆನಡಾ ಎಂಬ ನಿಧಿಯಿಂದ. ಮುಂದೆ ಇದು ಕೇರಳ, ಮಹಾರಾಷ್ಟ್ರಗಳಿಗೂ ಹರಡಿತು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೊರತಂದ ಸಮುದಾಯ ಮಾನಸಿಕ ಆರೋಗ್ಯ ಮಾರ್ಗದರ್ಶಿಯಲ್ಲಿ ಇದನ್ನು ಉತ್ತಮ ಮಾದರಿಯೆಂದು ಸೇರಿಸಿದೆ.

ಗೇಲ್ ಪಟ್ಟಣದ ಹಳೆಯ ಪಾಠ

ಕಥೋಲಿಕ ಪರಂಪರೆಗೆ ಈ ವಿಚಾರ ಪರಕೀಯವಲ್ಲ. ಬೆಲ್ಜಿಯಂನ ಗೇಲ್ ಪಟ್ಟಣದಲ್ಲಿ ಮನೋರೋಗಿಗಳ ಪಾಲಕಿಯೆಂದು ಗೌರವಿಸಲ್ಪಡುವ ಸಂತ ಡಿಂಫ್ನಾಳ ದೇವಾಲಯವಿದೆ. ಮಧ್ಯಯುಗದಲ್ಲಿ ಯಾತ್ರಿಕರು ತಮ್ಮವರನ್ನು ಅಲ್ಲಿಗೆ ಕರೆತರುತ್ತಿದ್ದರು. ದೇವಾಲಯಕ್ಕೆ ತಾಗಿದ ಕೋಣೆಗಳು ತುಂಬಿದಾಗ ಊರ ಜನರೇ ಅವರನ್ನು ತಮ್ಮ ಮನೆಗಳಲ್ಲಿ ಇರಿಸಿಕೊಂಡರು. ಅದೇ ರೂಢಿಯಾಯಿತು. 1850ರಲ್ಲಿ ಸರಕಾರ ಇದರ ಮೇಲ್ವಿಚಾರಣೆ ವಹಿಸಿಕೊಂಡಿತು; 1930ರ ದಶಕದ ಕೊನೆಯಲ್ಲಿ 3,700ಕ್ಕೂ ಹೆಚ್ಚು ಮಂದಿ ಆ ಊರಿನ ಮನೆಗಳಲ್ಲಿದ್ದರು. ಈಗ ಸಂಖ್ಯೆ ಬಹಳ ಕಡಿಮೆಯಾಗಿದ್ದರೂ ಪದ್ಧತಿ ನಿಂತಿಲ್ಲ.

ಗೇಲ್‌ನ ಭಕ್ತಿಕಥೆಯನ್ನು ಹೇಳುವವರು ಅದರ ಹಣದ ಭಾಗವನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಮನೆಯವರಿಗೆ ಖರ್ಚಿಗೆಂದು ಭತ್ಯೆ ಸಿಗುತ್ತದೆ, ಹತ್ತಿರದ ಮಾನಸಿಕ ಆಸ್ಪತ್ರೆಯ ತಂಡ ಬೆನ್ನಿಗಿರುತ್ತದೆ. ಬರೀ ಕರುಣೆಯ ಮೇಲೆ ಇಷ್ಟು ಶತಮಾನ ನಡೆದಿದ್ದರೆ ಅದು ಎಂದೋ ನಿಂತುಹೋಗುತ್ತಿತ್ತು.

ಹಣವಿಲ್ಲದ, ಮೇಲ್ವಿಚಾರಣೆಯಿಲ್ಲದ ಆಶ್ರಯ ಏನಾಗಬಹುದು ಎಂಬುದಕ್ಕೆ ತಮಿಳುನಾಡಿನ ಏರ್ವಾಡಿ ಸಾಕ್ಷಿ. 2001ರ ಆಗಸ್ಟ್ 6ರಂದು ಅಲ್ಲಿನ ಖಾಸಗಿ ಗುಡಿಸಲು ಮನೆಯೊಂದಕ್ಕೆ ಬೆಂಕಿ ಬಿದ್ದಾಗ 28 ಮನೋರೋಗಿಗಳು ಸತ್ತರು. ಸರಪಳಿ ಕಟ್ಟಿದ್ದರಿಂದ ಅವರಿಗೆ ಓಡಲಾಗಲಿಲ್ಲ.

ಕಾನೂನು ಏನು ಹೇಳುತ್ತದೆ?

ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017 ಜಾರಿಗೆ ಬಂದದ್ದು 2018ರ ಮೇ 29ರಂದು. ಚರ್ಚ್ ಸೇವಾಸಂಸ್ಥೆಗಳಲ್ಲಿ ದುಡಿಯುವವರು ಇದರ ಮೂರು ಕಲಮುಗಳನ್ನು ತಿಳಿದಿರಬೇಕು. 18ನೇ ಕಲಮಿನಂತೆ ನಿರ್ಗತಿಕರಿಗೆ ಮತ್ತು ಮನೆಯಿಲ್ಲದವರಿಗೆ, ಬಿಪಿಎಲ್ ಕಾರ್ಡ್ ಇಲ್ಲದಿದ್ದರೂ, ಸರಕಾರ ನಡೆಸುವ ಅಥವಾ ಸರಕಾರದ ಹಣ ಪಡೆಯುವ ಮಾನಸಿಕ ಆರೋಗ್ಯ ಸಂಸ್ಥೆಗಳಲ್ಲಿ ಚಿಕಿತ್ಸೆ ಪೂರ್ತಿ ಉಚಿತ. ಹಾಫ್‌ವೇ ಹೋಂ, ಆಸರೆ ವಸತಿಗಳನ್ನು ಒದಗಿಸಬೇಕೆಂದೂ ಅದೇ ಕಲಮು ಹೇಳುತ್ತದೆ. 19ನೇ ಕಲಮು ಇನ್ನೂ ಸ್ಪಷ್ಟ: ಕುಟುಂಬವಿಲ್ಲ, ಮನೆಯಿಲ್ಲ, ಮನೆಯವರು ಸೇರಿಸುತ್ತಿಲ್ಲ ಎಂಬ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲೇ ಇಟ್ಟುಕೊಳ್ಳುವಂತಿಲ್ಲ. 100ನೇ ಕಲಮು ಪೊಲೀಸರಿಗೆ ಸಂಬಂಧಿಸಿದ್ದು. ತನ್ನನ್ನು ತಾನು ನೋಡಿಕೊಳ್ಳಲಾಗದೆ ಅಲೆಯುತ್ತಿರುವ ಮನೋರೋಗಿಯನ್ನು ರಕ್ಷಿಸಿ 24 ಗಂಟೆಯೊಳಗೆ ಸಾರ್ವಜನಿಕ ಆರೋಗ್ಯ ಸಂಸ್ಥೆಗೆ ಒಯ್ಯುವುದು ಠಾಣಾಧಿಕಾರಿಯ ಕರ್ತವ್ಯ. ಲಾಕಪ್ಪಿಗೆ ಹಾಕುವಂತಿಲ್ಲ. ಕಾಣೆಯಾದವರ ಪ್ರಕರಣವೆಂದು ಎಫ್‌ಐಆರ್ ಕೂಡ ದಾಖಲಿಸಬೇಕು. ಈ ಎಫ್‌ಐಆರ್ ಮುಂದೆ ಗುರುತು ಪತ್ತೆಗೆ ಬಹಳ ಉಪಯೋಗಕ್ಕೆ ಬರುವುದರಿಂದ ಅದನ್ನು ಕೇಳಿ ಪಡೆಯಬೇಕು.

ಹಕ್ಕೇನೋ ಬರೆದಾಯಿತು. ಅದರ ಬಾಡಿಗೆ ಯಾರು ಕಟ್ಟಬೇಕು?

ಒಂದು ಮನೆಯ ಖರ್ಚು

ಲೆಕ್ಕ ಅರ್ಥವಾಗಲೆಂದು ಒಂದು ಊಹೆಯ ಉದಾಹರಣೆ ನೋಡೋಣ. ಮೊತ್ತಗಳು ಊರಿನಿಂದ ಊರಿಗೆ ಬದಲಾಗುತ್ತವೆ. ಐದು ಮಂದಿಯ ಮನೆ. ತಿಂಗಳ ಬಾಡಿಗೆ 15,000 ರೂಪಾಯಿ. ಸರದಿಯಲ್ಲಿ ದುಡಿಯುವ ಇಬ್ಬರು ಸಹಾಯಕಿಯರಿಗೆ ತಲಾ 15,000ದಂತೆ 30,000. ಊಟ ತಿಂಡಿಗೆ 17,500. ಔಷಧಿ, ವೈದ್ಯರ ಭೇಟಿಗೆ 5,000. ಕರೆಂಟು, ಗ್ಯಾಸ್, ಸಾಬೂನು, ಬಸ್ಸು ಎಂದು 7,500. ಒಟ್ಟು 75,000. ಅಂದರೆ ತಲೆಗೆ 15,000, ವರ್ಷಕ್ಕೆ ಒಂದು ಮನೆಗೆ ಒಂಬತ್ತು ಲಕ್ಷ.

ಇದರಲ್ಲಿ ಅತಿ ದೊಡ್ಡ ಪಾಲು ಸಂಬಳ. ದಾನಿಗಳು ಕೊಡಲು ಒಪ್ಪದಿರುವುದೂ ಅದನ್ನೇ. ಹುಟ್ಟುಹಬ್ಬಕ್ಕೆ ಒಂದು ಹೊತ್ತಿನ ಬಿರಿಯಾನಿ, ಹಿರಿಯರ ವಾರ್ಷಿಕ ಪೂಜೆಯ ನೆನಪಿಗೆ ಗ್ರೈಂಡರ್, ಕ್ರಿಸ್ಮಸ್‌ಗೆ ಹೊಸ ಬಟ್ಟೆ ಕೊಡುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಜುಲೈ ತಿಂಗಳ ಸಂಬಳ ಕೊಡುತ್ತೇನೆ ಎನ್ನುವವರು ಸಿಗುವುದು ಅಪರೂಪ. ಸಹಾಯಕಿಗೆ ಸಂಬಳ ತಡವಾದರೆ ಅವರು ಬೇರೆ ಕೆಲಸ ಹುಡುಕುತ್ತಾರೆ, ಅದರಲ್ಲಿ ಅವರ ತಪ್ಪೇನೂ ಇಲ್ಲ. ಮಾತ್ರೆ ನೋಡಿಕೊಳ್ಳುವವರಿಲ್ಲದಾಗ ರೋಗ ಮರುಕಳಿಸುತ್ತದೆ, ಕೆಲವರು ಮತ್ತೆ ರೈಲು ಹತ್ತುತ್ತಾರೆ. ಹಾಗಾದಾಗ ಹಿಂದಿನ ಎರಡು ವರ್ಷಗಳ ಖರ್ಚೂ ನೀರಿಗೆ ಬಿದ್ದಂತೆ.

ಹಣದ ದಾರಿಗಳು, ಅವುಗಳ ಮಿತಿ

ಸರಕಾರದಿಂದ ಆರಂಭಿಸೋಣ. ಕೇಂದ್ರದ ದೀನದಯಾಳ್ ದಿವ್ಯಾಂಗಜನ ಪುನರ್ವಸತಿ ಯೋಜನೆಯಡಿ, ಚಿಕಿತ್ಸೆ ಪಡೆದು ನಿಯಂತ್ರಣಕ್ಕೆ ಬಂದ ಮನೋರೋಗಿಗಳ ಹಾಫ್‌ವೇ ಹೋಂಗೆ ಅನುದಾನವಿದೆ. ಸಂಸ್ಥೆ ನೋಂದಣಿಯಾಗಿ ಕನಿಷ್ಠ ಎರಡು ವರ್ಷವಾಗಿರಬೇಕು. ರಾಜ್ಯದಲ್ಲಿ ಆರೋಗ್ಯ ಇಲಾಖೆಯ ಮಾನಸಧಾರ ಯೋಜನೆಯಡಿ ಸ್ವಯಂಸೇವಾ ಸಂಸ್ಥೆಗಳ ಮೂಲಕ ಹಗಲು ಆರೈಕೆ ಕೇಂದ್ರಗಳು ನಡೆದಿವೆ; ಆದರೆ ಅದು ಹಗಲಿಗೆ ಮಾತ್ರ. ತಮಿಳುನಾಡು 2018ರಿಂದ ಬೀದಿ ಮನೋರೋಗಿಗಳಿಗಾಗಿ ತುರ್ತು ಆರೈಕೆ ಮತ್ತು ಚೇತರಿಕೆ ಕೇಂದ್ರಗಳನ್ನು ತೆರೆದದ್ದು ಮೆಚ್ಚುವ ಕೆಲಸ. ಅಲ್ಲೂ ಒತ್ತು ಚಿಕಿತ್ಸೆಯ ಹಂತಕ್ಕೇ. ಹಾಸಿಗೆಗೆ ಹಣ ಕೊಡುವುದು ಸರಕಾರಕ್ಕೆ ಅಭ್ಯಾಸವಾಗಿದೆ, ಬಾಡಿಗೆ ಮನೆಗೆ ಇನ್ನೂ ಆಗಿಲ್ಲ.

ಎರಡನೆಯದು ಕಂಪೆನಿಗಳ ಸಿಎಸ್‌ಆರ್ ನಿಧಿ. 2013ರ ಕಂಪೆನಿ ಕಾಯ್ದೆಯಂತೆ ದೊಡ್ಡ ಕಂಪೆನಿಗಳು ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜಕ್ಕೆ ವೆಚ್ಚ ಮಾಡಬೇಕು. ಪಡೆಯುವ ಸಂಸ್ಥೆಗೆ 12ಎ, 80ಜಿ ಜತೆಗೆ ಸಿಎಸ್‌ಆರ್-1 ನೋಂದಣಿ ಬೇಕು. ಇಲ್ಲಿನ ತೊಡಕು ಅವಧಿ. ನಿಯಮದಂತೆ ಒಂದು ಮುಂದುವರಿಯುವ ಯೋಜನೆ, ಆರಂಭವಾದ ವರ್ಷ ಬಿಟ್ಟು, ಗರಿಷ್ಠ ಮೂರು ವರ್ಷ. ಸ್ಕಿಜೋಫ್ರೇನಿಯಾ ಮೂರು ವರ್ಷಕ್ಕೆ ಮುಗಿಯುವ ಕಾಯಿಲೆಯಲ್ಲ. ಆದ್ದರಿಂದ ಈ ಹಣವನ್ನು ಮುಂಗಡ ಠೇವಣಿ, ರಿಪೇರಿ, ಹಾಸಿಗೆ ಪಾತ್ರೆ, ಸಿಬ್ಬಂದಿ ತರಬೇತಿಗೆ ಬಳಸಿ, ಸಂಬಳವನ್ನು ಬೇರೆ ಮೂಲಕ್ಕೆ ಕಟ್ಟುವುದು ಜಾಣತನ.

ವಿದೇಶಿ ದೇಣಿಗೆಯ ಕಾಲ ಬದಲಾಗಿದೆ. 2020ರ ಎಫ್‌ಸಿಆರ್‌ಎ ತಿದ್ದುಪಡಿಯ ನಂತರ ಒಂದು ಸಂಸ್ಥೆ ತಾನು ಪಡೆದ ವಿದೇಶಿ ಹಣವನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ. ಆಡಳಿತ ವೆಚ್ಚದ ಮಿತಿ ಶೇ. 50ರಿಂದ ಶೇ. 20ಕ್ಕೆ ಇಳಿದಿದೆ. ದೊಡ್ಡ ಸಂಸ್ಥೆಯೊಂದು ಹಣ ತರಿಸಿ ಹಳ್ಳಿಯ ಸಣ್ಣ ಮನೆಗಳಿಗೆ ಹಂಚುವ ಹಳೆಯ ಕ್ರಮ ಇದರಿಂದ ನಿಂತಿತು. ಗಲ್ಫಿನಲ್ಲಿರುವ ಭಾರತೀಯ ಪಾಸ್‌ಪೋರ್ಟಿನ ನಮ್ಮವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಡುವುದು ವಿದೇಶಿ ದೇಣಿಗೆಯಾಗುವುದಿಲ್ಲ ಎಂಬುದನ್ನು ಮಾತ್ರ ಮರೆಯಬಾರದು. ಅನೇಕರು ಈ ಎರಡನ್ನೂ ಒಂದೇ ಎಂದುಕೊಂಡು ಹಿಂಜರಿಯುತ್ತಾರೆ.

ಇನ್ನು ನಿವಾಸಿಗಳ ಸ್ವಂತ ಹಕ್ಕಿನ ಹಣ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಮಾನಸಿಕ ಕಾಯಿಲೆಯನ್ನೂ ಒಳಗೊಂಡಿದೆ. ಪ್ರಮಾಣಪತ್ರ ಸಿಕ್ಕರೆ ರಾಜ್ಯದ ಮಾಸಾಶನಕ್ಕೆ ದಾರಿಯಾಗುತ್ತದೆ. ಸಂಬಂಧಪಟ್ಟ ವಸತಿ ಯೋಜನೆಗಳಲ್ಲಿ ಶೇ. 5 ಮೀಸಲಾತಿಯೂ ಇದೆ. ಮಾಸಾಶನ ಇಡೀ ಖರ್ಚನ್ನು ಹೊರದು, ಆದರೂ ಅದು ಯಾರ ದಾನವೂ ಅಲ್ಲದ ಹಣ. ಆಧಾರ್ ಇಲ್ಲದವರಿಗೆ ಮೊದಲು ಗುರುತು ಬೇಕು, ಗುರುತಿಗೆ ವಿಳಾಸ ಬೇಕು. ಬಾಡಿಗೆ ಮನೆಯಿಂದ ಶುರುವಾಗುವ ದೊಡ್ಡ ಲಾಭ ಇದು.

ಉಳಿತಾಯದ ವಾದ ನಮಗೆ ಒಪ್ಪುತ್ತದೆಯೇ?

ಕೆನಡಾದಲ್ಲಿ 11 ಕೋಟಿ ಡಾಲರ್ ವೆಚ್ಚದಲ್ಲಿ ‘ಅಟ್ ಹೋಮ್’ ಎಂಬ ದೊಡ್ಡ ಪ್ರಯೋಗ ನಡೆದು 2013ರಲ್ಲಿ ಮುಗಿಯಿತು. ಐದು ನಗರಗಳ 2,000ಕ್ಕೂ ಹೆಚ್ಚು ಮನೆಯಿಲ್ಲದ ಮನೋರೋಗಿಗಳಲ್ಲಿ ಕೆಲವರಿಗೆ ಮೊದಲೇ ಮನೆ ಕೊಟ್ಟು ಬೆಂಬಲ ಒದಗಿಸಲಾಯಿತು, ಉಳಿದವರಿಗೆ ಎಂದಿನ ಸೇವೆ. ಕೊನೆಯ ಆರು ತಿಂಗಳಲ್ಲಿ ಪೂರ್ತಿ ಕಾಲ ಮನೆಯಲ್ಲೇ ಇದ್ದವರು ಮೊದಲ ಗುಂಪಿನಲ್ಲಿ ಶೇ. 62, ಎರಡನೆಯದರಲ್ಲಿ ಶೇ. 31. ಆಸ್ಪತ್ರೆ, ಪೊಲೀಸು, ಜೈಲಿನ ಸೇವೆಯನ್ನು ಅತಿ ಹೆಚ್ಚು ಬಳಸುತ್ತಿದ್ದ ಶೇ. 10 ಮಂದಿಯ ಮೇಲೆ ಹಾಕಿದ ಪ್ರತಿ 10 ಡಾಲರ್‌ಗೆ 21.72 ಡಾಲರ್ ಉಳಿಯಿತು. ಅಷ್ಟೊಂದು ಅಗತ್ಯವಿಲ್ಲದವರ ವಿಷಯದಲ್ಲಿ ಉಳಿದದ್ದು 3.42 ಡಾಲರ್ ಮಾತ್ರ.

ಈ ವಾದವನ್ನು ಇಲ್ಲಿಗೆ ಹಾಗೆಯೇ ತರಲಾಗದು. ನಮ್ಮಲ್ಲಿ ಬೀದಿಯ ಮನೋರೋಗಿಗಾಗಿ ಸರಕಾರ ಮಾಡುತ್ತಿರುವ ಖರ್ಚೇ ಅತ್ಯಲ್ಪ. ಇಲ್ಲದ ಖರ್ಚಿನಲ್ಲಿ ಉಳಿಸುವುದೇನು? ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ಉಳಿದವರ ಮಟ್ಟಿಗೆ ಮಾತ್ರ ಈ ಲೆಕ್ಕ ನಿಲ್ಲುತ್ತದೆ. ಉಳಿದವರಿಗಾಗಿ ನಾವು 19ನೇ ಕಲಮನ್ನೇ ಹಿಡಿದು ಕೇಳಬೇಕು.

ಚರ್ಚ್ ಮಟ್ಟದಲ್ಲಿ

ಮೇಲಿನ ಉದಾಹರಣೆಯ ಮನೆಗೆ ತಿಂಗಳಿಗೆ 30,000 ಸಂಬಳ ಬೇಕು. ಮುನ್ನೂರು ಕುಟುಂಬಗಳ ಒಂದು ಚರ್ಚಿನಲ್ಲಿ ಕುಟುಂಬಕ್ಕೆ ತಿಂಗಳಿಗೆ ನೂರು ರೂಪಾಯಿ. ವಾಳೆಯ ಗುರ್ಕಾರರು ಸಂಗ್ರಹಿಸಿ, ಪಾಲನಾ ಸಮಿತಿಯಲ್ಲಿ ಪ್ರತಿ ತಿಂಗಳು ಲೆಕ್ಕ ಓದಿದರೆ ನಡೆಸಬಹುದಾದ ಮೊತ್ತ. ಒಂದೇ ಚರ್ಚಿಗೆ ಭಾರವಾದರೆ ಅಕ್ಕಪಕ್ಕದ ಮೂರು ಚರ್ಚುಗಳ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಗಳು ಸೇರಿ ಹೊರಬಹುದು. ತಪಸ್ಸುಕಾಲದ ಒಂದು ಕಾಣಿಕೆಗಿಂತ ಹನ್ನೆರಡು ತಿಂಗಳ ಸಣ್ಣ ಕಾಣಿಕೆ ಇಲ್ಲಿ ಹೆಚ್ಚು ಕೆಲಸ ಮಾಡುತ್ತದೆ.

ಬಾಡಿಗೆಯ ಮಾತೂ ಇದೆ. ಮಕ್ಕಳು ದುಬಾೖ, ಮುಂಬಯಿ, ಟೊರಾಂಟೊ ಸೇರಿ ಬೀಗ ಬಿದ್ದ ಮನೆಗಳು ನಮ್ಮ ಪ್ರತಿ ವಾಳೆಯಲ್ಲೂ ಇವೆ. ಗೆದ್ದಲು ಹಿಡಿಯದಂತೆ ನೋಡಲು ಮಾಲೀಕರು ಯಾರಿಗೋ ಹಣ ಕೊಡುತ್ತಿರುತ್ತಾರೆ. ಅಂಥ ಮನೆ ಸಿಕ್ಕರೆ ಹನ್ನೊಂದು ತಿಂಗಳ ಕರಾರು ಸಾಲದು, ಐದು ವರ್ಷದ ನೋಂದಾಯಿತ ಲೀಸ್ ಆಗಬೇಕು. ಬಾಡಿಗೆದಾರರಾಗಿ ಸಂಸ್ಥೆಯ ಹೆಸರಿರಲಿ, ಮಾಲೀಕರಿಗೆ ಧೈರ್ಯವಾಗುತ್ತದೆ. ಮನೆ ಹಿಡಿಯುವ ಮುನ್ನವೇ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿಯ ಬಗ್ಗೆ ವಿಚಾರಿಸಿಕೊಳ್ಳಬೇಕು. ನೆರೆಯವರನ್ನು ಚಹಾಕ್ಕೆ ಕರೆದು ಮಾತಾಡುವುದು ಗೃಹಪ್ರವೇಶಕ್ಕೆ ಮೊದಲೇ ಆಗಲಿ. ಅವರು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ, ರಾತ್ರಿ ಏನಾದರೂ ಆದರೆ ಯಾರಿಗೆ ಫೋನ್ ಮಾಡಬೇಕು ಎಂದು. ಆ ಹೆಸರು, ಆ ನಂಬರು ಬರೆದ ಚೀಟಿಯನ್ನು ಅಂದೇ ಅವರ ಕೈಗೆ ಕೊಡಬೇಕು. ಜತೆಗೆ ಕೇಂದ್ರ ಸರಕಾರದ ಟೆಲಿ-ಮಾನಸ್ ಸಹಾಯವಾಣಿ 14416ನ್ನೂ ಬರೆಯಬಹುದು.