ಕಾಣದ ಸಂತೆಯಲ್ಲಿ ಕಣ್ತೆರೆದು ನಡೆಯೋಣ

ಹಿಂದೆ ಆಳಂದದ ಸಂತೆಗೆ ಹೋಗಿ ಬರುವುದೆಂದರೆ ನಮ್ಮ ಹಿರಿಯರಿಗೆ ಅದೊಂದು ವಿದ್ಯೆಯೇ ಆಗಿತ್ತು. ಜೋಳವನ್ನು ಅಂಗೈಯಲ್ಲಿ ಹರಡಿ ನೋಡುತ್ತಿದ್ದರು. ತೊಗರಿಯ ಕಾಳನ್ನು ಹಲ್ಲಿನಲ್ಲಿ ಕಡಿದು ಅದು ಒಣಗಿದೆಯೋ ಇಲ್ಲವೋ ಎಂಬುದನ್ನು ತಿಳಿಯುತ್ತಿದ್ದರು. ಸೀರೆಯ ಸೆರಗನ್ನು ಬೆರಳುಗಳ ನಡುವೆ ಹೊಸೆದು ನೂಲಿನ ಗುಣವನ್ನು ಹೇಳುತ್ತಿದ್ದರು. ತಕ್ಕಡಿಯ ಮುಳ್ಳಿನ ಮೇಲೆ ದೃಷ್ಟಿಯಿಟ್ಟೇ ಹಣದ ಚೀಲದ ಬಾಯಿ ಬಿಚ್ಚುತ್ತಿದ್ದರು. ವ್ಯಾಪಾರಿ ಯಾವ ಊರಿನವನು, ಯಾರ ಮಗ ಎಂಬುದು ಗೊತ್ತಿರುತ್ತಿತ್ತು. ಮಾಲು ಕೆಟ್ಟಿದ್ದರೆ ಮುಂದಿನ ವಾರ ಅದೇ ಜಾಗದಲ್ಲಿ ಅವನನ್ನು ನಿಲ್ಲಿಸಿ ಕೇಳಬಹುದಾಗಿತ್ತು.

ಇಂದು ಸಂತೆಯೇ ಮನೆಯೊಳಗೆ ಬಂದು ಕುಳಿತಿದೆ. 2016ರಲ್ಲಿ ಯುಪಿಐ ವ್ಯವಸ್ಥೆ ಆರಂಭವಾದ ಮೇಲೆ ಹಣವೂ ಮೊಬೈಲಿನಲ್ಲಿಯೇ ಓಡಾಡುತ್ತಿದೆ. ಇದನ್ನು ಕೇಡೆಂದು ಹಳಿಯುವುದು ಸರಿಯಲ್ಲ. 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ನಮ್ಮ ಜಿಲ್ಲೆಯ ತೊಗರಿಬೇಳೆಗೂ, ಸ್ವಸಹಾಯ ಸಂಘಗಳ ತಾಯಂದಿರು ತಟ್ಟಿದ ಕಲಬುರಗಿ ರೊಟ್ಟಿಗೂ ಈ ಹೊಸ ಪೇಟೆ ದೂರದ ಗಿರಾಕಿಗಳನ್ನು ಒದಗಿಸಬಲ್ಲುದು. ಆದರೆ ಇಲ್ಲಿ ಅಂಗಡಿಯೂ ಕಾಣದು, ವ್ಯಾಪಾರಿಯೂ ಕಾಣನು. ಆದ್ದರಿಂದ ನಮ್ಮ ಹಿರಿಯರ ಆ ಹಳೆಯ ಎಚ್ಚರವು ಹಿಂದೆಂದಿಗಿಂತಲೂ ಇಂದು ಹೆಚ್ಚು ಬೇಕಾಗಿದೆ.

ಒಬ್ಬ ತಾಯಿಯ ಸಂಕಟ

ಒಂದು ಶ್ರಾವಣದಲ್ಲಿ ಅಫಜಲಪುರ ತಾಲೂಕಿನ ಒಂದು ಹಳ್ಳಿಗೆ ಪುರಾಣ ಹೇಳಲು ಹೋಗಿದ್ದೆ. ಒಂದು ರಾತ್ರಿ ಮಂಗಲವಾಗಿ ಜನರೆಲ್ಲ ಚದುರಿದ ಮೇಲೆಯೂ ಒಬ್ಬ ತಾಯಿ ಕಂಬದ ಮರೆಯಲ್ಲಿ ಕುಳಿತೇ ಇದ್ದರು. ವಿಚಾರಿಸಿದಾಗ ಕಣ್ಣೀರು ತಂದರು. ಮಗಳ ನಿಶ್ಚಯಕ್ಕೆಂದು ಮೊಬೈಲಿನಲ್ಲಿ ಕಂಡ ಸೀರೆಯೊಂದಕ್ಕೆ 1,450 ರೂಪಾಯಿ ಕಳಿಸಿದ್ದರು. ಸೀರೆ ಬರಲಿಲ್ಲ. ಹಣ ಮರಳಿ ಕೇಳೋಣವೆಂದು ಗ್ರಾಹಕ ಸೇವೆಯ ನಂಬರನ್ನು ಇಂಟರ್‌ನೆಟ್ಟಿನಲ್ಲಿ ಹುಡುಕಿದರು. ಮೊದಲು ಕಂಡ ನಂಬರಿಗೆ ಕರೆ ಮಾಡಿದರು. ಆ ಕಡೆಯವನು ಬಹಳ ವಿನಯದಿಂದ, “ಅಮ್ಮಾ, ಈ ಆ್ಯಪ್ ಹಾಕಿಕೊಳ್ಳಿರಿ, ಕೂಡಲೇ ಹಣ ಮರಳಿಸುವೆ” ಎಂದ. ಆ ಆ್ಯಪ್ ಇವರ ಮೊಬೈಲಿನ ಪರದೆಯನ್ನು ಅವನ ಕಣ್ಣಿಗೆ ತೆರೆದಿಟ್ಟಿತು. ಅವನು ಹೇಳಿದಂತೆ ಗುಪ್ತ ಸಂಖ್ಯೆಯನ್ನು ಒತ್ತಿದರು. ಹಾಲು ಮಾರಿ ಕೂಡಿಸಿದ್ದ 46,000 ರೂಪಾಯಿ ಖಾತೆಯಿಂದ ಹೋಯಿತು.

“ರೊಕ್ಕ ಹೋಗಿದ್ದು ಒಂದು ಸಂಕಟರೀ ಶಾಸ್ತ್ರಿಗಳೆ, ಮನ್ಯಾಗ ಹೇಳಬೇಕಲ್ಲ ಅಂಬೋದು ಅದಕ್ಕಿಂತ ದೊಡ್ಡ ಸಂಕಟ ಆಗ್ಯಾದ” ಎಂದರು. ಆ ಹೊತ್ತಿಗೆ ಐದು ದಿನ ಕಳೆದಿದ್ದವು. ಮರುದಿನ ಅವರ ತಮ್ಮನನ್ನು ಕರೆಸಿ ದೂರು ಕೊಡಿಸಿದೆವು. ಆದರೆ ಹಣವು ಖಾತೆಯಿಂದ ಖಾತೆಗೆ ಹಾರಿ ಎಂದೋ ನಗದಾಗಿತ್ತು. ಮೊದಲ ಗಂಟೆಯಲ್ಲಿ ಬಾಯಿ ಬಿಟ್ಟಿದ್ದರೆ ಸ್ವಲ್ಪವಾದರೂ ಉಳಿಯುತ್ತಿತ್ತೋ ಏನೋ! ಆ ತಾಯಿಯ ಬಾಯಿ ಕಟ್ಟಿದ್ದು ಕಳ್ಳನಲ್ಲ, ಮನೆಯವರ ಬೈಗುಳದ ಭಯ ಎಂಬ ಮಾತು ಇಂದಿಗೂ ನನ್ನ ಮನಸ್ಸನ್ನು ಕೊರೆಯುತ್ತಿದೆ.

ಹಿರಿಯರ ನಾಲ್ಕು ಪರೀಕ್ಷೆಗಳು

ಸಂತೆಯ ಪರೀಕ್ಷೆಗಳನ್ನೇ ಈ ಹೊಸ ಪೇಟೆಗೂ ಅನ್ವಯಿಸಿಕೊಳ್ಳಬಹುದು.

ಮೊದಲನೆಯದು, ವ್ಯಾಪಾರಿಯ ಗುರುತು. 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ಇಂಥ ಮಾರಾಟ ಸಂಸ್ಥೆಯು ತನ್ನ ನಿಜನಾಮ, ವಿಳಾಸ ಹಾಗೂ ದೂರು ಆಲಿಸುವ ಅಧಿಕಾರಿಯ ಹೆಸರನ್ನು ಪ್ರಕಟಿಸಲೇಬೇಕು. ಅವು ಇಲ್ಲದ ಅಂಗಡಿ ನಮಗೆ ಬೇಡ. ಪ್ರಸಿದ್ಧ ಅಂಗಡಿಯ ಹೆಸರಿನಲ್ಲಿ ಒಂದಕ್ಷರ ಬದಲಿಸಿ ನಕಲಿ ತಾಣ ಕಟ್ಟುವವರಿದ್ದಾರೆ. ಆದಕಾರಣ ಬಂದ ಸಂದೇಶದ ಕೊಂಡಿಯನ್ನು ಒತ್ತದೆ, ಹೆಸರನ್ನು ನಾವೇ ಬರೆದು ತೆರೆಯಬೇಕು. ಗ್ರಾಹಕ ಸೇವೆಯ ನಂಬರನ್ನು ಆ ಅಂಗಡಿಯ ಆ್ಯಪಿನೊಳಗಿಂದಲೇ ಪಡೆಯಬೇಕು.

ಎರಡನೆಯದು, ಮಾಲಿನ ಪರೀಕ್ಷೆ. ಚಿತ್ರವನ್ನು ಯಾರೂ ಎಲ್ಲಿಂದಲಾದರೂ ಕದ್ದು ತರಬಹುದು. ಹೊಸ ಅಂಗಡಿಯಾದರೆ ಮಾಲು ಕೈಗೆ ಬಂದ ಮೇಲೆ ಹಣ ಕೊಡುವ ಪದ್ಧತಿಯೇ ಲೇಸು. ಅಲ್ಲಿಯೂ ಮೊಬೈಲಿನ ಬದಲು ಸಾಬೂನು ಬಂದ ಉದಾಹರಣೆಗಳುಂಟು. ಪೊಟ್ಟಣ ಬಿಚ್ಚುವಾಗ ಮನೆಯ ಮಕ್ಕಳು ವಿಡಿಯೊ ತೆಗೆದಿಟ್ಟುಕೊಂಡರೆ ಮುಂದೆ ಅದೇ ಸಾಕ್ಷಿಯಾಗುತ್ತದೆ.

ಮೂರನೆಯದು, ಬೆಲೆಯ ವಿಚಾರ. ಐದು ಸಾವಿರದ ಸೀರೆಯನ್ನು ಐದುನೂರಕ್ಕೆ ಕೊಡುವವನು ನಮಗೆ ಯಾವ ಜನ್ಮದ ಬಂಧು? ಅಂಚೆಯಲ್ಲಿ ಬರುವ ಗೀರುವ ಚೀಟಿಯೂ ಇದೇ ಜಾತಿಯದು. “ನಿಮಗೆ ಕಾರು ಬಂದಿದೆ, ಮೊದಲು ತೆರಿಗೆ ಕಟ್ಟಿರಿ” ಎಂದು ಅದು ಹೇಳುತ್ತದೆ. ಬಹುಮಾನ ಪಡೆಯಲು ನಾವೇ ಹಣ ಕಟ್ಟಬೇಕೆಂದರೆ ಅದು ಬಹುಮಾನವಲ್ಲ.

ನಾಲ್ಕನೆಯದು, ಹಣ ಕೊಡುವ ರೀತಿ. ಜೇವರ್ಗಿಯ ಕಡೆಯ ಒಬ್ಬ ತರುಣ ತನ್ನ ಹಳೆಯ ಮೋಟಾರ್ ಸೈಕಲ್ಲನ್ನು ಮಾರಲು ಆನ್‌ಲೈನಿನಲ್ಲಿ ಜಾಹೀರಾತು ಹಾಕಿದ್ದ. ಸೈನ್ಯದಲ್ಲಿರುವೆನೆಂದು ಹೇಳಿಕೊಂಡವನೊಬ್ಬ ಚೌಕಾಶಿ ಮಾಡದೆ ಒಪ್ಪಿದ. ಹಣ ಕಳಿಸುತ್ತೇನೆಂದು ಕ್ಯೂಆರ್ ಚಿತ್ರವೊಂದನ್ನು ಕಳಿಸಿ, ಸ್ಕ್ಯಾನ್ ಮಾಡಿ ಪಿನ್ ಒತ್ತಲು ಹೇಳಿದ. ಒತ್ತಿದೊಡನೆ ಹಣ ಬರುವ ಬದಲು ಹೋಯಿತು. ಪ್ರತಿಯೊಬ್ಬರೂ ನೆನಪಿಡಬೇಕಾದ ಸೂತ್ರವಿದು: ಯುಪಿಐ ಪಿನ್ ಒತ್ತುವುದು ಹಣ ಕೊಡುವುದಕ್ಕೆ ಮಾತ್ರ. ಹಣ ಪಡೆಯಲು ಪಿನ್ ಬೇಕಾಗಿಲ್ಲ, ಸ್ಕ್ಯಾನ್ ಮಾಡಬೇಕಾಗಿಲ್ಲ. ಒಟಿಪಿಯನ್ನು ಕೇಳುವವನು ಬ್ಯಾಂಕಿನವನೆಂದರೂ ಹೇಳಕೂಡದು. ಮದುವೆಯ ಕರೆಯೋಲೆ, ಸರಕಾರಿ ಯೋಜನೆ ಎಂಬ ಹೆಸರಿನಲ್ಲಿ ವಾಟ್ಸಾಪಿಗೆ ಬರುವ ಎಪಿಕೆ ಕಡತಗಳನ್ನು ತೆರೆಯಕೂಡದು.

ಆಯ್ದಕ್ಕಿ ಲಕ್ಕಮ್ಮನ ಎಚ್ಚರ

ಮಾರಯ್ಯನವರು ಒಂದು ದಿನ ಎಂದಿನ ಅಳತೆಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಲಕ್ಕಮ್ಮನವರು ಅದನ್ನು ಅಲ್ಲಿಯೇ ಸುರಿದು ಬರಲು ಹೇಳಿದ ಪ್ರಸಂಗ ನಮ್ಮ ಮನೆಗಳಲ್ಲಿ ಮಕ್ಕಳಿಗೂ ಗೊತ್ತು. ಬಡತನದಲ್ಲಿಯೂ ಆಕೆ ಕೇಳಿದ್ದು ಒಂದೇ ಪ್ರಶ್ನೆ: ಇಷ್ಟು ಹೆಚ್ಚು ನಮಗೇಕೆ? ಅಗ್ಗದ ಜಾಹೀರಾತು ಕಣ್ಣು ಕುಕ್ಕಿದಾಗ ಈ ಪ್ರಶ್ನೆಯನ್ನು ನಮಗೆ ನಾವೇ ಕೇಳಿಕೊಂಡರೆ ಅರ್ಧ ಅಪಾಯ ಕಳೆದಂತೆ.

ಆದರೆ ಮೋಸಹೋದವರೆಲ್ಲ ಆಸೆಬುರುಕರೆಂದು ತಿಳಿಯುವುದು ಅನ್ಯಾಯ. ಅಫಜಲಪುರದ ಆ ತಾಯಿ ಕೇಳಿದ್ದು ತನ್ನದೇ ಹಣವನ್ನು. ಕಳ್ಳನು ಆಸೆಯನ್ನಷ್ಟೇ ಅಲ್ಲ, ನಮ್ಮ ಅವಸರವನ್ನೂ ಅಂಜಿಕೆಯನ್ನೂ ಬಳಸಿಕೊಳ್ಳುತ್ತಾನೆ. “ಈಗಲೇ ಮಾಡಿರಿ, ಯಾರಿಗೂ ಹೇಳಬೇಡಿರಿ” ಎಂಬುದೇ ಅವನ ಮಂತ್ರ.

ಮೋಸವಾದ ಮೇಲೆ

ಹಣ ಹೋಯಿತೆಂದು ತಿಳಿದ ಕ್ಷಣವೇ 1930 ಸಂಖ್ಯೆಗೆ ಕರೆ ಮಾಡಬೇಕು. ಈ ಸಹಾಯವಾಣಿಯಿಂದ ಸುದ್ದಿ ಬ್ಯಾಂಕುಗಳಿಗೆ ಮುಟ್ಟಿ, ಹಣ ಇನ್ನೂ ಖಾತೆಗಳಲ್ಲಿದ್ದರೆ ಅದನ್ನು ತಡೆಹಿಡಿಯುವ ಅವಕಾಶವಿದೆ. ತಮ್ಮ ಬ್ಯಾಂಕಿಗೂ ಕೂಡಲೇ ತಿಳಿಸಬೇಕು. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ತಾಣದಲ್ಲಿಯೂ, ಪೊಲೀಸ್ ಠಾಣೆಯಲ್ಲಿಯೂ ದೂರು ಕೊಡಬಹುದು. ಸಂದೇಶಗಳನ್ನು ಅಳಿಸಬಾರದು, ಅವೇ ಪುರಾವೆ.

ವ್ಯಾಪಾರಿ ನಿಜವಾದವನೇ ಇದ್ದು, ಕೆಟ್ಟ ಮಾಲು ಕಳಿಸಿ ಹಣ ಮರಳಿಸದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಗ್ರಾಹಕನು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಹೂಡಬಹುದು. ವ್ಯಾಪಾರಿ ದಿಲ್ಲಿಯಲ್ಲಿದ್ದರೂ ಜೇವರ್ಗಿಯವರು ಕಲಬುರಗಿಯನ್ನು ದಾಟಿ ಹೋಗಬೇಕಾಗಿಲ್ಲ. 5 ಲಕ್ಷ ರೂಪಾಯಿವರೆಗಿನ ಪ್ರಕರಣಕ್ಕೆ ಶುಲ್ಕವೂ ಇಲ್ಲ.

ಮನೆಯ ಯಜಮಾನರಲ್ಲಿ ಒಂದು ವಿನಂತಿ. ಮಗಳಾಗಲಿ, ಸೊಸೆಯಾಗಲಿ, ವಯಸ್ಸಾದ ತಂದೆಯಾಗಲಿ “ಮೋಸಹೋದೆ” ಎಂದು ಬಂದು ನಿಂತಾಗ ಮೊದಲು ಬೈಯಬೇಡಿರಿ. ಮೊದಲು 1930ಕ್ಕೆ ಕರೆ ಮಾಡಿರಿ. ಬುದ್ಧಿಮಾತನ್ನು ನಾಳೆಯೂ ಹೇಳಬಹುದು, ಹಣವನ್ನು ನಾಳೆ ತಡೆಯಲಾಗದು. ಪ್ರತಿ ಮನೆಯ ಗೋಡೆಯಲ್ಲಿ ಪಂಚಾಂಗದ ಕ್ಯಾಲೆಂಡರ್ ತೂಗುತ್ತಿರುತ್ತದೆ. ಇಂದೇ ಅದರ ಮೇಲೆ ಈ ಸಂಖ್ಯೆಯನ್ನು ದೊಡ್ಡದಾಗಿ ಬರೆದಿಡಿರಿ. ಓದಲು ಬಾರದ ಅಜ್ಜಿಗೂ ಅದು ಯಾವುದರ ಸಂಖ್ಯೆಯೆಂದು ಹೇಳಿಕೊಡಿರಿ.